ಕೊಡಚಾದ್ರಿ ಸುತ್ತು, ನಲವತ್ತು ಜನರ ಬ್ಯಾಚು

ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತಿ ಜೀಪ್ ರಸ್ತೆಯಲ್ಲಿ ಇಳಿದರೆ ಕೊಡಚಾದ್ರಿಯಲ್ಲಿ ಒಂದು ಒಳ್ಳೆಯ ಸುತ್ತು ಆಗುತ್ತದೆ. ತುಳಿದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ತುದಿ 1343 ಮೀಟರ್. ಅಲ್ಲಿನ ಸರ್ವಜ್ಞ ಪೀಠವೆಂಬ ಕಲ್ಲಿನ ಗುಡಿಯ ಹತ್ತಿರ ನಿಂತರೆ ಪಶ್ಚಿಮಕ್ಕೆ ಕೊಲ್ಲೂರಿನ ಕಾಡುಕಣಿವೆ, ಆಕಾಶ ತಿಳಿಯಾಗಿದ್ದರೆ ಅದರಾಚೆ ಸಮುದ್ರ. ಇದನ್ನು ಟ್ರೆಕ್ಕಿಂಗ್ ಕಂಪನಿಗಳ ವಾರಾಂತ್ಯದ ಬ್ಯಾಚಿನವರು ಹಾಳುಗೆಡವುತ್ತಿರುವ ರೀತಿ ನೋಡಿದರೆ ಮೈ ಉರಿಯುತ್ತದೆ.

ಜಾಹೀರಾತಿನಲ್ಲಿ ‘ಈಸಿ ಟು ಮಾಡರೇಟ್’. ಯಾರಿಗೆ ಸ್ವಾಮಿ ಮಾಡರೇಟು? ರಾತ್ರಿಯಿಡೀ ಬಸ್ಸಲ್ಲಿ ಕುತ್ತಿಗೆ ನೋಯಿಸಿಕೊಂಡು ಬಂದು, ಹೋಂಸ್ಟೇಯ ಒಂದೇ ಬಚ್ಚಲಿಗೆ ಸಾಲು ನಿಂತು, ತಿಂಡಿ ತಿಂದು ಹತ್ತು ಗಂಟೆಗೆ ಹೊರಡುವವರಿಗಾ? ಏಳಕ್ಕೆಲ್ಲ ಕಾಡು ಹೊಕ್ಕರೆ ಬಿಸಿಲೇರುವ ಮೊದಲು ಏರು ಮುಗಿಯುತ್ತದೆ. ಹತ್ತಕ್ಕೆ ಹೊರಟರೆ ಮರಗಳ ನೆರಳು ಮುಗಿದು ಬೋಳು ಹುಲ್ಲುಗುಡ್ಡ ಶುರುವಾಗುವ ಹೊತ್ತಿಗೆ ಸರಿಯಾಗಿ ನೆತ್ತಿ ಮೇಲೆ ಸೂರ್ಯ. ಒಬ್ಬೊಬ್ಬರ ಕೈಲಿ ಒಂದೊಂದು ಲೀಟರಿನ ಬಾಟಲಿ, ಅದೂ ಜಲಪಾತದ ಹತ್ತಿರವೇ ಖಾಲಿ. ಕನಿಷ್ಠ ಎರಡೂವರೆ ಲೀಟರ್ ಬೇಕು, ಜೊತೆಗೆ ಒಂದಿಷ್ಟು ಉಪ್ಪು-ಸಕ್ಕರೆ ಎಂದು ಹೇಳಲು ಒಬ್ಬ ಲೀಡರಿಗೂ ಬಾಯಿಲ್ಲ.

ಇನ್ನು ಜಲಪಾತದ ಪಕ್ಕದ ಬಂಡೆ. ಅಲ್ಲಿ ದಾರಿ ಎನ್ನುವುದೇನಿಲ್ಲ, ಬೇರು ಹಿಡಿದು ಕಲ್ಲಿನ ಮೇಲೆ ಏರಬೇಕು. ಎರಡು ಕೈ ಎರಡು ಕಾಲಲ್ಲಿ ಯಾವಾಗಲೂ ಮೂರು ಗಟ್ಟಿಯಾಗಿ ಊರಿರಬೇಕು, ನಾಲ್ಕನೆಯದು ಮಾತ್ರ ಮುಂದಕ್ಕೆ. ಅಭ್ಯಾಸವಿಲ್ಲದವರಿಗೆ ಒಂದು ಕಷ್ಟದ ಕಲ್ಲು ದಾಟಲು ಎರಡು ನಿಮಿಷ ಹಿಡಿಯಿತು ಅಂತಿಟ್ಟುಕೊಳ್ಳಿ. ನಲವತ್ತು ಜನರಿಗೆ ಎಂಬತ್ತು ನಿಮಿಷ! ಒಂದೇ ಕಲ್ಲಿಗೆ! ಹಿಂದಿನವರು ಒದ್ದೆ ಪಾಚಿಯ ಮೇಲೆ ನಿಂತು ಕಾಯಬೇಕು, ಬೇಜಾರಾಗಿ ಪಕ್ಕದಲ್ಲಿ ತಮ್ಮದೇ ದಾರಿ ಹುಡುಕಬೇಕು, ಜಾರಬೇಕು. ಕಾಲಲ್ಲಿ ಜಿಮ್ಮಿನ ಶೂ ಬೇರೆ. ಅದರ ಮೆತ್ತಗಿನ ನುಣುಪು ಅಟ್ಟೆ ಪಾಚಿಯ ಮೇಲೆ ಹಿಡಿಯುವುದೇ ಇಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಸುತ್ತನ್ನು ತಿರುಗಾಮುರುಗಾ ಮಾಡುವವರದು. ಜೀಪಲ್ಲಿ ಮೇಲೆ ಹೋಗಿ ಜಲಪಾತದ ಕಡೆಯಿಂದ ಇಳಿಯುತ್ತಾರಂತೆ, ಇಳಿಯುವುದು ಸುಲಭವಂತೆ! ಹತ್ತುವಾಗ ಕಾಲಿಡುವ ಜಾಗ ಕಣ್ಣೆದುರಿಗೇ ಇರುತ್ತದೆ. ಇಳಿಯುವಾಗ ಅದು ಹೊಟ್ಟೆಯ ಕೆಳಗೆಲ್ಲೋ ಮರೆಯಾಗಿರುತ್ತದೆ, ಭಾರವೆಲ್ಲ ಹಿಮ್ಮಡಿಗೆ, ಹಿಮ್ಮಡಿ ಪಾಚಿಗೆ. ಇಳಿಯಲೇಬೇಕಾಗಿ ಬಂದರೆ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಬೇಕು. ಇವರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಕಣಿವೆಗೆ ಮುಖ ಮಾಡಿ ಕುಂಡಿ ಮೇಲೆ ಜಾರುತ್ತಾರೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ ವಿಡಿಯೊವನ್ನು ಇಡೀ ರಾಜ್ಯವೇ ನೋಡಿತ್ತು. ಮಳೆಗಾಲದಲ್ಲಿ ದಾರಿ ಮುಚ್ಚಿದರೆ ಅರಣ್ಯ ಇಲಾಖೆಗೆ ಬೈಯುವವರೂ ಅದನ್ನು ನೋಡಿದವರೇ.

ಇಂಬಳದ, ಅಂದರೆ ಜಿಗಣೆಯ, ಕಥೆ ಕೇಳಲೇಬೇಡಿ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿಕೊಂಡು, ಪ್ಯಾಂಟನ್ನು ಅದರೊಳಗೆ ಸೇರಿಸಿದರೆ ಮುಕ್ಕಾಲು ಕಾಟ ತಪ್ಪುತ್ತದೆ. ಹತ್ತಿಕೊಂಡದ್ದನ್ನು ಅದರ ಬಾಯಿಯ ಕಡೆಯಿಂದ ಉಗುರಿನಲ್ಲಿ ಸರಿಸಿ ಬಿಡಿಸಿದರಾಯಿತು. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿದೆ, ಹೆದರುವಂಥದ್ದೇನಲ್ಲ. ಆದರೆ ಇವರ ಕಿರುಚಾಟಕ್ಕೆ, ಬ್ಯಾಗಿಗೆ ನೇತುಹಾಕಿದ ಸ್ಪೀಕರಿನ ಹಾಡಿಗೆ, ಒಂದು ಹಕ್ಕಿಯಾದರೂ ಆ ಕಾಡಲ್ಲಿ ಉಳಿದೀತೇ? ಬಿಸಾಡಿ ಹೋಗುವ ವೆಟ್ ವೈಪ್ಸ್ ನೋಡಲು ಕಾಗದದ ಹಾಗಿದ್ದರೂ ಬಹುಪಾಲು ಪ್ಲಾಸ್ಟಿಕ್ ಎಳೆಯೇ. ಎರಡು ಮಳೆಗಾಲ ಕಳೆದರೂ ಕೊಳೆಯುವುದಿಲ್ಲ.

ಇಳಿಯುವಾಗ ಜೀಪ್ ರಸ್ತೆಯ ತಿರುವುಗಳನ್ನು ಬಿಟ್ಟು ಹುಲ್ಲಿನ ಮೇಲೆ ನೇರ ಅಡ್ಡಹಾಯುವುದು ಇನ್ನೊಂದು ಚಟ. ಐದು ನಿಮಿಷ ಉಳಿಯುತ್ತದಂತೆ. ಕೆಮ್ಮಣ್ಣಿನ ಇಳಿಜಾರು, ಅದನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು. ನಾಲ್ಕು ವಾರಾಂತ್ಯ ತುಳಿದರೆ ಬೇರು ಕಿತ್ತು ಬರುತ್ತದೆ. ಮೊದಲ ಜಡಿಮಳೆಗೆ ನೀರು ಅದೇ ಗೀರಿನಲ್ಲಿ ಇಳಿದು ಮೊಣಕಾಲುದ್ದ ಕೊರಕಲು ಮಾಡುತ್ತದೆ. ಮುಂದಿನ ಬ್ಯಾಚು ಆ ಕೊರಕಲು ಬೇಡವೆಂದು ಪಕ್ಕದಲ್ಲೇ ಇನ್ನೊಂದು ದಾರಿ ಮಾಡುತ್ತದೆ.

ಕೊನೆಗೆ ಸಂಜೆ ಆರಕ್ಕೆ ಮಂಜು ಕವಿದಾಗ ಟಾರ್ಚ್ ಇರುವುದು ಲೀಡರಿನ ಬಳಿ ಮಾತ್ರ, ಮೂವರಿಗೆ ಮಂಡಿನೋವು, ಇಬ್ಬರಿಗೆ ಹೆಬ್ಬೆರಳ ಉಗುರು ಕಪ್ಪಾಗಿದೆ. ಇಳಿಯುವ ಮೊದಲು ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಆಗ ನೆನಪಾಗುವುದು ಜೀಪು. ಬೆಳಿಗ್ಗೆಯೇ ಮಾತಾಡಿಟ್ಟಿದ್ದರೆ ಒಂದು ರೇಟು. ಕತ್ತಲಲ್ಲಿ, ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆ ಗುಡಿಯ ಮುಂದೆ ನಡುಗುತ್ತ ನಿಂತು ಕೇಳಿದರೆ ಬೇರೆಯೇ ರೇಟು. ಅದಕ್ಕೂ ಮನೆಗೆ ಹೋಗಿ ಬರೆಯುವುದು ‘ಲೋಕಲ್ಸ್ ಲೂಟಿ ಮಾಡ್ತಾರೆ’ ಎಂದು, ಒಂದು ಸ್ಟಾರ್ ಕೊಟ್ಟು.