ಬೇಲಿಗಳ ನಡುವೆ ನ್ಯಾಶ್‌ವಿಲ್

ಇಂದು ಬೆಳಿಗ್ಗೆ ನ್ಯಾಶ್‌ವಿಲ್‌ನ ನಡುಪೇಟೆಯಲ್ಲಿ ನಾನು ನಿತ್ಯ ಬಳಸುವ ಕಾಲುದಾರಿಗೆ ಮತ್ತೆ ಕಟ್ಟಡ ಕಾಮಗಾರಿಯ ಬೇಲಿ ಬಿದ್ದಿತ್ತು. ಎದುರು ಬದಿಗೆ ಹೋಗಿರೆಂಬ ಫಲಕವನ್ನು ನಂಬಿ ರಸ್ತೆ ದಾಟಿದರೆ ಅಲ್ಲಿಯೂ ಅದೇ ಬೇಲಿ, ಅದೇ ಫಲಕ. ನಡೆಯುವವರು ಇನ್ನೆಲ್ಲಿಗೆ ಹೋಗಬೇಕು, ಕಾರುಗಳ ನಡುವೆಯೇ?

ಅಮೆರಿಕದ ಟೆನೆಸಿ ರಾಜ್ಯದ ಈ ರಾಜಧಾನಿಯಲ್ಲಿ ಕ್ರೇನು ಕಾಣದ ದಿಕ್ಕೇ ಉಳಿದಿಲ್ಲ. 1859ರಲ್ಲಿ ಪೂರ್ಣಗೊಂಡ ಶಾಸನಸಭಾ ಭವನ ಗುಡ್ಡದ ನೆತ್ತಿಯಲ್ಲಿದೆ. ಊರಿಗೆಲ್ಲ ಕಾಣಬೇಕಾದ ಅದನ್ನು ಈಗ ಗೋಪುರಗಳ ಸಂದಿಯಲ್ಲಿ ಹುಡುಕಬೇಕು. 1994ರ ಎರಡು ಕೋಡುಗಳ ಕಟ್ಟಡವನ್ನು ಜನ ಪ್ರೀತಿಯಿಂದ ‘ಬ್ಯಾಟ್‌ಮನ್ ಕಟ್ಟಡ’ವೆಂದು ಕರೆದರು, ಆಮೇಲೆ ಎದ್ದ ಗಾಜಿನ ಪೆಟ್ಟಿಗೆಗಳಲ್ಲಿ ಎಷ್ಟಕ್ಕೆ ಅಂಥ ಅಡ್ಡಹೆಸರಿನ ಭಾಗ್ಯ ಬಂದಿದೆ?

ವಸತಿ ಬಡಾವಣೆಗಳ ಪಾಡು ಇನ್ನೂ ನೋವಿನದು. ಪೂರ್ವ ನ್ಯಾಶ್‌ವಿಲ್‌ನಲ್ಲಿ ಜಗಲಿಯಿರುವ ಹಳೆಯ ಮನೆಯೊಂದನ್ನು ಕೆಡವಿ, ಅದೇ ನಿವೇಶನದಲ್ಲಿ ಎತ್ತರದ ಇಕ್ಕಟ್ಟಾದ ಎರಡು ಮನೆಗಳನ್ನು ಮೈಗೆ ಮೈ ತಾಗುವಂತೆ ನಿಲ್ಲಿಸುತ್ತಾರೆ. ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತಿದ್ದ ಬಿಸಿಲು ಅಂದಿಗೆ ಮುಗಿಯಿತು. ಹಾಡುಗಳ ಧ್ವನಿಮುದ್ರಣದಿಂದ ಊರಿಗೆ ಹೆಸರು ತಂದ ಮ್ಯೂಸಿಕ್ ರೋ ಪ್ರದೇಶವನ್ನಾದರೂ ಬಿಟ್ಟರೇ? 2014ರಲ್ಲಿ ಅಲ್ಲಿನ ‘ಆರ್‌ಸಿಎ ಸ್ಟುಡಿಯೋ ಎ’ ನೆಲಸಮವಾಗುವುದರಲ್ಲಿತ್ತು, ಕೊನೆಯ ಗಳಿಗೆಯಲ್ಲಿ ಒಬ್ಬರು ಕೊಂಡುಕೊಂಡದ್ದರಿಂದ ಉಳಿಯಿತು. ಸಂಗೀತದ ಊರು ತನ್ನ ಸ್ಟುಡಿಯೋಗಳನ್ನು ಹೀಗೆ ಅದೃಷ್ಟಕ್ಕೆ ಬಿಡಬಹುದೇ?

ಸಾರಿಗೆಯ ಮಾತಂತೂ ಕೇಳಲೇಬಾರದು. 2018ರಲ್ಲಿ ಮತದಾರರು ತಿರಸ್ಕರಿಸಿದ ಸಾರ್ವಜನಿಕ ಸಾರಿಗೆ ಯೋಜನೆಗೆ ಬದಲಾಗಿ ಇನ್ನೊಂದಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ; ಅಷ್ಟು ವರ್ಷ ಗೋಪುರಗಳೇನು ಕಾದು ನಿಂತವೇ?