ಈ ಪದ್ಯ ಒಂದು ಮುಗೀಲಿ

ನಮ್ಮ ದೊಡ್ಡಮ್ಮನದ್ದು ಒಂದು ನಿಯಮ ಉಂಟು. ಯಾರ ಪದ್ಯವೇ ಆಗಲಿ, ಅರ್ಧಕ್ಕೆ ನಿಲ್ಲಿಸಬಾರದು. ಚಳಿಯಲ್ಲಿ ಗದ್ದೆಬದಿ ಕೂತು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದವರು ಅವರು. ಹಾಗಾಗಿ ಉಡುಪಿಯಿಂದ ಮಂಗಳೂರಿಗೆ ಮದುವೆಗೆ ಹೊರಟ ದಿನ ಹೇಳಿದ್ದು ಇಷ್ಟೇ. "ಈಗ ಹಾಕಿದ್ದು ಮುಗೀಲಿ. ಮತ್ತೆ ನನ್ನ ತಾಳಮದ್ದಳೆ ಹಾಕು."

ಪಾಪ, ಅವರಿಗೇನು ಗೊತ್ತು. ಕಾರಲ್ಲಿದ್ದದ್ದು ಭಾವ ದುಬೈಯಿಂದ ತಂದ ಹಳೇ ಸಿಡಿ, ಅಮೆರಿಕದ ಹಾಡುಗಾರ್ತಿ ಮಡೋನಾಳ 2005ರ 'ಕನ್ಫೆಷನ್ಸ್ ಆನ್ ಎ ಡ್ಯಾನ್ಸ್ ಫ್ಲೋರ್'. 12 ಹಾಡು, 56 ನಿಮಿಷ. ನಡುವೆ ಒಂದು ಸೆಕೆಂಡ್ ಖಾಲಿ ಇಲ್ಲ. ಡಿಜೆಗಳು ಮಾಡುವ ಹಾಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಲಿದುಬಿಟ್ಟಿದ್ದಾರೆ.

ಮೊದಲ ಹಾಡು ಶುರುವಾಗುವುದೇ ಗಡಿಯಾರದ ಟಿಕ್ ಟಿಕ್‌ನಿಂದ. ಕಿನ್ನಿಮುಲ್ಕಿ ದಾಟುತ್ತಿದ್ದೆವು. "ಇಂಡಿಕೇಟರ್ ಆಫ್ ಮಾಡು ಮಾರಾಯ" ಎಂದರು ದೊಡ್ಡಮ್ಮ. ನನ್ನ ಕೈ ಯೋಚಿಸುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಆಫ್ ಇದ್ದದ್ದನ್ನು ಆನ್ ಮಾಡಿತು. ಅಷ್ಟರಲ್ಲಿ ಡ್ರಮ್ಮು ಜೋರಾಯಿತು, ಟಿಕ್ ಟಿಕ್ ಅದರಲ್ಲಿ ಮುಳುಗಿತು. ಕಟಪಾಡಿವರೆಗೂ ನಾನು ಬಲಕ್ಕೆ ತಿರುಗುವವನ ಹಾಗೆ ನೇರ ಹೋದೆ. ಹಿಂದಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಆ ಹಾಡಿನ ಮುಖ್ಯ ಟ್ಯೂನು ಸ್ವೀಡನ್ನಿನ ಆಬಾ ತಂಡದ್ದು, 1979ರದ್ದು. ಕೇಳಿ, ಒಪ್ಪಿಗೆ ಪಡೆದೇ ಬಳಸಿದ್ದಂತೆ. ನಮ್ಮ ಮನೆಯಲ್ಲಿ ಕೊಡೆ ಒಯ್ಯುವವರೂ ಅಷ್ಟು ಕೇಳುವುದಿಲ್ಲ.

ಮೂರನೇ ಹಾಡಲ್ಲಿ ಹಲವು ಭಾಷೆಗಳಲ್ಲಿ ಕ್ಷಮೆ ಕೇಳುತ್ತಾಳೆ. ನಡುವೆ ಹಿಂದಿಯೂ ಬಂತು. "ಇದು ಹಿಂದಿ ಪಿಚ್ಚರಿದ್ದಾ?" ಅಂದರು. ಅಲ್ಲ ಅಂದೆ. ಕಾಪು ಬಂತು, ಉಚ್ಚಿಲ ಬಂತು. ದೊಡ್ಡಮ್ಮ ಪ್ರತಿ ಸಲ ಬಾಯಿ ತೆರೆಯುತ್ತಿದ್ದರು, ಮುಂದಿನ ಹಾಡು ಬಂದು ಕೂತಿರುತ್ತಿತ್ತು. ಹೆಜಮಾಡಿ ಟೋಲಿನಲ್ಲಿ ತಾಳ್ಮೆ ಮುಗಿಯಿತು.

"ಎಂಥ ಪದ್ಯ ಮಾರಾಯ ಇದು! ಭಾಗವತರಾದರೂ ನಡುವೆ ಒಂದು ಗುಟುಕು ನೀರು ಕುಡಿಯುತ್ತಾರೆ."

"ನಿಲ್ಲಿಸಲಾ ದೊಡ್ಡಮ್ಮ?"

"ಅರ್ಧಕ್ಕಾ? ಬೇಡ ಬೇಡ."

ಸುರತ್ಕಲ್ ಹತ್ತಿರ ಬರುವಾಗ ಹತ್ತನೇ ಹಾಡು. ಅದರಲ್ಲಿ ಒಬ್ಬ ಗಂಡಸು ಹೀಬ್ರೂ ಭಾಷೆಯಲ್ಲಿ ರಾಗ ಎಳೆಯುತ್ತಾನೆ, ಯೆಮನ್ ಯಹೂದಿಗಳ ಹಳೇ ಭಕ್ತಿಪದ್ಯ. ತೂಕಡಿಸುತ್ತಿದ್ದ ದೊಡ್ಡಮ್ಮ ಫಕ್ಕನೆ ಎದ್ದು ಕೈಮುಗಿದರು. ಸದಾಶಿವ ದೇವಸ್ಥಾನಕ್ಕೋ, ಆ ಗಂಡಸಿಗೋ, ಕೇಳಲು ಧೈರ್ಯ ಬರಲಿಲ್ಲ.

ಕೂಳೂರು ಸೇತುವೆ ದಾಟಿ, ಕೊಟ್ಟಾರದ ಒಳರಸ್ತೆ ಹಿಡಿದು, ಹಾಲ್ ಎದುರು ಬಲಕ್ಕೆ ತಿರುಗಲು ನಿಂತೆ. ಎದುರಿಂದ ಗಾಡಿಗಳ ಸಾಲು. ಆಗ ಸಿಡಿ ಮುಗಿಯಿತು. ಒಳಗೆ ಒಂದು ಗಂಟೆಯಲ್ಲಿ ಮೊದಲ ಸಲ ಶಾಂತಿ. ಆಮೇಲೆ, ಟಿಕ್ ಟಿಕ್.

ಅಯ್ಯೋ, ಮತ್ತೆ ಮೊದಲಿಂದ ಶುರು! ಗಡಿಬಿಡಿಯಲ್ಲಿ ಸ್ಟೀರಿಯೋ ಆಫ್ ಒತ್ತಿದೆ. ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದೆ. ಸೀದಾ ಸಿಡಿಯನ್ನೇ ಹೊರಗೆಳೆದೆ. ಟಿಕ್ ಟಿಕ್.

ದೊಡ್ಡಮ್ಮ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು. "ಅದು ಇಂಡಿಕೇಟರ್ ಮಾರಾಯ."