ಮಗುವಿನ ತಲೆ ಎಲ್ಲಿದೆ ಅಂತ ತಾಯಿಗೂ ಗೊತ್ತಿರಲಿ

ಹೋದ ವಾರ ಚಿಕ್ಕಮ್ಮನ ಮಗಳು ಅಳುತ್ತಾ ಫೋನ್ ಮಾಡಿದಳು. ಅವಳಿಗೀಗ ಐದು ತಿಂಗಳು. 20ನೇ ವಾರದ ಸ್ಕ್ಯಾನ್ ಮುಗಿಸಿ ಆಗ ತಾನೇ ಮನೆಗೆ ಬಂದಿದ್ದಳು. "ಅಕ್ಕಾ, ರಿಪೋರ್ಟಲ್ಲಿ ಬ್ರೀಚ್ ಅಂತ ಬರ್ದಿದಾರೆ. ಮಗು ಉಲ್ಟಾ ಇದೆಯಂತೆ, ತಲೆ ಮೇಲೆ, ಕುಂಡೆ ಕೆಳಗೆ. ಅತ್ತೆ ಆಗ್ಲೇ ಆಪರೇಷನ್ನೇ ಗತಿ ಅಂತಿದಾರೆ."

ಫೋಟೋ ಕಳಿಸು ಅಂದೆ. ಎರಡು ಪುಟದ ರಿಪೋರ್ಟು. ಹೃದಯ, ಮೆದುಳು, ಕಿಡ್ನಿ, ಬೆನ್ನುಮೂಳೆ, ಸುತ್ತಲಿನ ನೀರು, ಎಲ್ಲವೂ ಸರಿಯಿದೆ ಅಂತ ಸಾಲುಸಾಲಾಗಿ ಬರೆದಿತ್ತು. ಅದ್ಯಾವುದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಆ ಒಂದು ಪದ ಹಿಡಿದುಕೊಂಡು ಎರಡು ಗಂಟೆ ಅತ್ತಿದ್ದಳು.

ಐದನೇ ತಿಂಗಳಲ್ಲಿ ಮಗು ಅರ್ಧ ಕೇಜಿಯೂ ಇರುವುದಿಲ್ಲ. ಸುತ್ತ ಬೇಕಾದಷ್ಟು ಜಾಗ, ನೀರು. ಬೆಳಗ್ಗೆ ತಲೆ ಮೇಲಿದ್ದರೆ ಮಧ್ಯಾಹ್ನ ಅಡ್ಡ, ರಾತ್ರಿ ತಲೆ ಕೆಳಗೆ. ಸ್ಕ್ಯಾನ್ ಮಾಡಿದ ಆ ಹೊತ್ತಿಗೆ ಹೇಗಿತ್ತೋ ಹಾಗೆ ಬರೆದಿರುತ್ತಾರೆ, ಅಷ್ಟೆ. 28ನೇ ವಾರದಲ್ಲೂ ಹೆಚ್ಚುಕಡಿಮೆ ನಾಲ್ಕೈದರಲ್ಲಿ ಒಂದು ಮಗುವಿನ ತಲೆ ಮೇಲೇ ಇರುತ್ತದೆ. ತಿಂಗಳು ತುಂಬುವ ಹೊತ್ತಿಗೆ ಅವು ನೂರಕ್ಕೆ ಮೂರೋ ನಾಲ್ಕೋ ಉಳಿಯುತ್ತವೆ. ಮಿಕ್ಕವೆಲ್ಲ ತಾವಾಗಿಯೇ ತಿರುಗಿರುತ್ತವೆ. ರಿಪೋರ್ಟ್ ಕೈಗೆ ಕೊಡುವಾಗ ಈ ನಾಲ್ಕು ಮಾತು ಹೇಳಿದ್ದರೆ ಆ ಹುಡುಗಿ ಅಳುತ್ತಿರಲಿಲ್ಲ. ಹೇಳೋಕೆ ಅರ್ಧ ನಿಮಿಷ ಸಾಕು, ಅಲ್ವಾ?

ಇದು ನನಗೆ ಯಾಕೆ ಇಷ್ಟು ನಾಟುತ್ತದೆ ಅಂದರೆ, ಆ ಅರ್ಧ ನಿಮಿಷ ನನಗೂ ಸಿಕ್ಕಿರಲಿಲ್ಲ.

2014ರಲ್ಲಿ ನನ್ನ ಮೊದಲ ಬಸುರು. ತಪ್ಪದೆ ಪ್ರತಿ ತಿಂಗಳು ಚೆಕಪ್‌ಗೆ ಹೋದೆ. ಹೊಟ್ಟೆ ಮೇಲೆ ಹತ್ತು ಸೆಕೆಂಡು ಕೈಯಿಟ್ಟು, ಕಾರ್ಡಿನಲ್ಲಿ ಏನೋ ಬರೆದು, "ಸರಿ ಇದೆ, ಮುಂದಿನ ತಿಂಗಳು ಬನ್ನಿ" ಅನ್ನುತ್ತಿದ್ದರು. ಎಂಟನೇ ತಿಂಗಳಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದದ್ದೇನೋ ಒತ್ತುತ್ತಿತ್ತು. ಬಗ್ಗಿ ಚಪ್ಪಲಿ ಹಾಕಿಕೊಳ್ಳೋಕೂ ಆಗುತ್ತಿರಲಿಲ್ಲ. ಒದೆತ ಎಲ್ಲ ಕೆಳಗೆ, ಮೂತ್ರಕೋಶದ ಮೇಲೆ. ಒದ್ದಾಗೆಲ್ಲ ಬಾತ್ರೂಮಿಗೆ ಓಡಬೇಕು. ಮೇಲೆ ಒತ್ತುತ್ತಿರುವುದು ಮೊಣಕಾಲಿರಬೇಕು ಅಂದುಕೊಂಡಿದ್ದೆ. ಅದು ಮಗುವಿನ ತಲೆ. 38ನೇ ವಾರದ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಮಾರನೇ ದಿನವೇ ಆಪರೇಷನ್.

ಮಗಳು ಚೆನ್ನಾಗಿ ಹುಟ್ಟಿದಳು. ಆಪರೇಷನ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ನೋವಾಗಿದ್ದು ಆಮೇಲೆ. ಬಾಣಂತನದ ನಲವತ್ತು ದಿನ ನೋಡೋಕೆ ಬಂದವರೆಲ್ಲ ಕೇಳಿದ್ದು ಒಂದೇ. ಯಾವ ಮಗ್ಗುಲಿಗೆ ಮಲಗ್ತಿದ್ದೆ? ಸ್ಕೂಟರ್ ಓಡಿಸಿದ್ಯಾ? ಭಾರ ಎತ್ತಿದ್ಯಾ? ನಾನೇ ಏನೋ ತಪ್ಪು ಮಾಡಿದ್ದಕ್ಕೆ ಮಗು ತಿರುಗಲಿಲ್ಲ ಅಂತ ನಾಲ್ಕು ವರ್ಷ ನಂಬಿದ್ದೆ.

ಇದನ್ನು ಓದುತ್ತಿರುವ ಯಾರಾದರೂ ಈ ಮಾತು ಕೇಳಿಸಿಕೊಂಡಿದ್ದರೆ ದಯವಿಟ್ಟು ಗಮನ ಕೊಡಿ. ಮಗು ತಿರುಗದೇ ಇರೋದಕ್ಕೆ ಕಾರಣಗಳು ಬೇರೆ. ಗರ್ಭಕೋಶದ ಆಕಾರ ಬೇರೆ ಥರ ಇರಬಹುದು, ಗಡ್ಡೆ ಇರಬಹುದು. ಮಾಸು ಕೆಳಗೆ ಕೂತಿರಬಹುದು. ನೀರು ಕಡಿಮೆಯಾಗಿರಬಹುದು ಅಥವಾ ಜಾಸ್ತಿಯಾಗಿರಬಹುದು. ಅವಳಿ ಇರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಏಳನೇ ತಿಂಗಳಾದ ಮೇಲೆ ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ ಅನ್ನುವುದು ನಿಜ. ಆದರೆ ಅದು ಮಗುವಿಗೆ ರಕ್ತ ಚೆನ್ನಾಗಿ ಹರಿಯಲಿ ಅಂತ. ಎಡ ಮಗ್ಗುಲು, ಬಲ ಮಗ್ಗುಲು ಎರಡೂ ಆಗುತ್ತದೆ. ಹಾಗೇ ಎದ್ದು ಕೂತು ಮಗ್ಗುಲು ಬದಲಿಸದಿದ್ದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತುತ್ತೆ ಅಂತ ನಮ್ಮ ಕಡೆ ಹೇಳುತ್ತಾರೆ. ನೂರಕ್ಕೆ ಇಪ್ಪತ್ತು ಮೂವತ್ತು ಮಕ್ಕಳು ಕೊರಳಿಗೆ ಬಳ್ಳಿ ಸುತ್ತಿಕೊಂಡೇ ಹುಟ್ಟುತ್ತವೆ. ಅದು ಮಗು ಒಳಗೆ ಓಡಾಡಿ ಸುತ್ತಿಕೊಂಡದ್ದು. ತುಂಬಿದ ಹೊಟ್ಟೆ ಹೊತ್ತು ರಾತ್ರಿ ಹತ್ತು ಸಲ ಎದ್ದು ಕೂರುವ ಶಿಕ್ಷೆ ಬಸುರಿಗೆ ಯಾಕೆ?

2018ರಲ್ಲಿ ಎರಡನೆಯವನು. ಈ ಸಲ ತವರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೆ. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ತಪಾಸಣೆ ಇರುತ್ತದಲ್ಲ, ಆ ದಿನ. ಅಲ್ಲಿ ವಯಸ್ಸಾದ ಒಬ್ಬರು ಸಿಸ್ಟರ್ ಇದ್ದರು. ಮೊದಲು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. "ಬಾತ್ರೂಮಿಗೆ ಹೋಗಿ ಬಂದ್ಯಾ? ಮಂಡಿ ಸ್ವಲ್ಪ ಮಡಚು, ಹೊಟ್ಟೆ ಸಡಿಲ ಬಿಡು" ಅಂದರು. ಹೊಟ್ಟೆಯ ಮೇಲ್ತುದಿಯಲ್ಲಿ ಎರಡೂ ಅಂಗೈ ಇಟ್ಟರು. ಆಮೇಲೆ ಎರಡು ಪಕ್ಕಕ್ಕೆ ಜಾರಿಸಿದರು. ಕೊನೆಗೆ ಕೆಳಹೊಟ್ಟೆಯನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಡಿದು ನೋಡಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಿನ್ನ ಕೈ ಕೊಡಮ್ಮ" ಅಂದರು.

ನನ್ನ ಬಲಗೈ ತೆಗೆದುಕೊಂಡು ಕೆಳಗೆ ಇಟ್ಟರು. ಸುಲಿದ ತೆಂಗಿನಕಾಯಿಯ ಹಾಗೆ ದುಂಡಗೆ, ಗಟ್ಟಿಗೆ ಏನೋ ಸಿಕ್ಕಿತು. "ಸ್ವಲ್ಪ ಅಲ್ಲಾಡ್ಸು." ಅಲ್ಲಾಡಿಸಿದೆ. ಅದೊಂದೇ ಅಲ್ಲಾಡಿತು, ಮಿಕ್ಕ ಮೈ ಅಲ್ಲಾಡಲಿಲ್ಲ. "ಅದು ತಲೆ. ಕತ್ತಿದೆಯಲ್ಲ, ಅದಕ್ಕೆ ತಲೆ ಮಾತ್ರ ಆಡುತ್ತೆ. ಕುಂಡೆ ಆಗಿದ್ರೆ ಮೆತ್ತಗಿರುತ್ತೆ, ಅಲ್ಲಾಡ್ಸಿದ್ರೆ ಇಡೀ ಮೈ ಜೊತೆಗೇ ಬರುತ್ತೆ." ಎಡಪಕ್ಕಕ್ಕೆ ಕೈ ಸರಿಸಿದರು. ಉದ್ದಕ್ಕೆ ನುಣ್ಣಗೆ ಬಾಗಿದ ಹಲಗೆಯ ಹಾಗೆ. ಅದು ಬೆನ್ನು. ಬಲಗಡೆ ಉಬ್ಬುತಗ್ಗು, ಕೈಕಾಲು. ನಾನು ಮುಟ್ಟುತ್ತಿದ್ದ ಹಾಗೇ ಅಲ್ಲೊಂದು ಒದೆತ ಬಿತ್ತು. ತುತ್ತೂರಿಯಂಥ ಒಂದು ಚಿಕ್ಕ ಕೊಳವೆಯನ್ನು ಹೊಕ್ಕುಳಿನ ಕೆಳಗೆ ಎಡಕ್ಕೆ ಒತ್ತಿ ಕಿವಿಯಿಟ್ಟರು. ತಲೆ ಕೆಳಗಿದ್ದರೆ ಎದೆಬಡಿತ ಹೊಕ್ಕುಳಿನ ಕೆಳಗೇ ಕೇಳುತ್ತದೆ, ತಲೆ ಮೇಲಿದ್ದರೆ ಹೊಕ್ಕುಳಿನ ಹತ್ತಿರ ಅಥವಾ ಅದಕ್ಕೂ ಮೇಲೆ ಅಂತ ಹೇಳಿದರು.

ನನಗೆ ಅಳು ಬಂತು. ಎರಡು ಬಸುರಿನಲ್ಲಿ ಮೊದಲ ಸಲ ನನ್ನ ಮಗು ಎಲ್ಲಿದೆ, ಹೇಗೆ ಮಲಗಿದೆ ಅಂತ ನನ್ನ ಕೈಗೇ ಗೊತ್ತಾಗಿತ್ತು.

ಹೀಗೆ ಕೈಯಲ್ಲಿ ಮುಟ್ಟಿ ನೋಡುವ ನಾಲ್ಕು ಹಂತಗಳಿಗೆ ಲಿಯೋಪೋಲ್ಡ್ ಪರೀಕ್ಷೆ ಅಂತ ಹೆಸರು. ಕ್ರಿಶ್ಚಿಯನ್ ಲಿಯೋಪೋಲ್ಡ್ ಅನ್ನುವ ಜರ್ಮನ್ ಹೆರಿಗೆ ವೈದ್ಯರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕ್ರಮವಾಗಿ ಬರೆದಿಟ್ಟದ್ದು. ನಮ್ಮ ಸೂಲಗಿತ್ತಿಯರ ಕೈಗೂ ಈ ವಿದ್ಯೆ ಇತ್ತು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಹೊಟ್ಟೆ ಮುಟ್ಟಿಯೇ ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರು ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ನೆನೆಯುತ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಸ್ಕ್ಯಾನ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೈಗೆ ಅನುಮಾನ ಬಂದದ್ದನ್ನು ಖಚಿತ ಮಾಡೋಕೆ ಸ್ಕ್ಯಾನೇ ಬೇಕು. ಮನೆಯಲ್ಲಿ ಯಾರೋ ಹೊಟ್ಟೆ ನೀವಿ ಮಗುವನ್ನು ತಿರುಗಿಸುತ್ತೇನೆ ಅಂದರೆ ಖಂಡಿತ ಬಿಡಬೇಡಿ. ಮಾಸು ಕಿತ್ತುಕೊಂಡರೆ ತಾಯಿಗೂ ಮಗುವಿಗೂ ಅಪಾಯ.

ಆದರೆ ಆಸ್ಪತ್ರೆಯಲ್ಲಿ ಡಾಕ್ಟರೇ ಹೊರಗಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ಕ್ರಮ ಇದೆ. ಇದು ನನಗೆ ಗೊತ್ತಾಗಿದ್ದು ಮಗಳು ಹುಟ್ಟಿ ಎಷ್ಟೋ ಕಾಲ ಆದ ಮೇಲೆ. 36-37ನೇ ವಾರದ ಹೊತ್ತಿಗೆ ಮಾಡುತ್ತಾರೆ. ಗರ್ಭಕೋಶ ಸಡಿಲವಾಗೋಕೆ ಔಷಧಿ ಕೊಟ್ಟು, ಮಗುವಿನ ಎದೆಬಡಿತ ನೋಡುತ್ತಾ, ಪಕ್ಕದಲ್ಲೇ ಆಪರೇಷನ್ ಥಿಯೇಟರ್ ಇಟ್ಟುಕೊಂಡು ಮಾಡಬೇಕು. ಸುಮಾರು ಅರ್ಧದಷ್ಟು ಜನರಿಗೆ ಫಲ ಕೊಡುತ್ತದೆ. ಮಾಸು ಕೆಳಗಿದ್ದರೆ, ರಕ್ತಸ್ರಾವ ಆಗಿದ್ದರೆ ಮಾಡುವ ಹಾಗಿಲ್ಲ. ನನಗೆ ಆಗುತ್ತಿತ್ತೋ ಇಲ್ಲವೋ, ಬೇರೆ ಮಾತು. ಹೀಗೊಂದು ದಾರಿ ಇದೆ ಅಂತ ಯಾರೂ ಹೇಳಲೇ ಇಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಕಾಲು ಅಥವಾ ಕುಂಡೆ ಮುಂದಾಗಿ ಬರುವ ಮಗುವಿಗೆ ಈಗ ಬಹುತೇಕ ಆಪರೇಷನ್ನೇ ಮಾಡುತ್ತಾರೆ. ಅದಕ್ಕೊಂದು ಹಿನ್ನೆಲೆ ಇದೆ. 2000ದಲ್ಲಿ 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಸೇರಿಸಿ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್ನಿನಲ್ಲಿ ಮಗುವಿಗೆ ಅಪಾಯ ಕಡಿಮೆ ಅಂತ ಅದು ಹೇಳಿತು. ಪ್ರಪಂಚದ ತುಂಬ ಡಾಕ್ಟರುಗಳು ಬೇಗ ಬೇಗ ಆ ಕಡೆಗೆ ವಾಲಿದರು. ಅದೇ ಮಕ್ಕಳನ್ನು ಎರಡು ವರ್ಷ ತುಂಬಿದಾಗ ನೋಡಿದರೆ ಸಾವಿನಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಅಷ್ಟರಲ್ಲಿ ಅಂಥ ಮಗುವನ್ನು ಮಾಮೂಲಿ ಹೆರಿಗೆ ಮಾಡಿಸುವ ಕೈಗಳೇ ಕಡಿಮೆಯಾಗಿದ್ದವು. ಆ ಅನುಭವ ಇಲ್ಲದ ಕಡೆ ಆಪರೇಷನ್ನೇ ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಇನ್ನೊಂದು ವಿಷಯ, ಹೀಗೆ ಕೊನೆಯವರೆಗೂ ತಲೆ ಮೇಲಿದ್ದ ಮಗುವಿನ ಸೊಂಟದ ಕೀಲು ಸರಿ ಕೂತಿದೆಯಾ ಅಂತ ಆರು ವಾರದ ಹೊತ್ತಿಗೆ ಒಂದು ಸ್ಕ್ಯಾನ್ ಮಾಡಿಸಿ. ಆಪರೇಷನ್ನಿನಲ್ಲಿ ಹುಟ್ಟಿದ್ದರೂ ಮಾಡಿಸಿ.

ತಿಂಗಳು ತುಂಬುವ ಹೊತ್ತಿಗೂ ಮಗು ಅಡ್ಡ ಮಲಗಿದ್ದರೆ ಮಾತ್ರ ಉದಾಸೀನ ಬೇಡ. ನೀರು ಒಡೆದರೆ ಮಗುವಿಗಿಂತ ಮೊದಲು ಬಳ್ಳಿ ಜಾರಿ ಹೊರಗೆ ಬರಬಹುದು. ಆಮೇಲೆ ಒಂದೊಂದು ನಿಮಿಷವೂ ಮುಖ್ಯ. ನೋವು ಬರಲಿ ಅಂತ ಕಾಯದೆ ತಕ್ಷಣ ಹೊರಡಿ. ಮಗು ಹೇಗೇ ಮಲಗಿರಲಿ, ಮಾಮೂಲಿಗಿಂತ ಅಲ್ಲಾಟ ಕಡಿಮೆಯಾದರೂ ಅಷ್ಟೆ, ಬೆಳಗಾಗಲಿ ಅಂತ ಕೂರಬೇಡಿ.

ಬಲಗಡೆ ಇದ್ದರೆ ಗಂಡು, ಎಡಗಡೆ ಇದ್ದರೆ ಹೆಣ್ಣು ಅನ್ನುವ ಮಾತು ನನ್ನ ಹೊಟ್ಟೆ ಮುಂದೆಯೂ ಆಡಿದ್ದಾರೆ. ಅದು ಸುಳ್ಳು. ಸ್ಕ್ಯಾನ್ ಮಾಡುವವರನ್ನು ಗಂಡೋ ಹೆಣ್ಣೋ ಅಂತ ಕೇಳುವುದೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಆ ದಿನ ತಂಗಿಗೆ ಫೋನಿನಲ್ಲೇ ಇದನ್ನೆಲ್ಲ ಹೇಳಿದೆ. ಅಳು ನಿಂತಿತು. "ಅಕ್ಕಾ, ನಿಂಗೆ ತೋರ್ಸಿದ್ರಲ್ಲ, ಆ ಸಿಸ್ಟರ್ ಇನ್ನೂ ಅಲ್ಲೇ ಇದಾರಾ?" ಅಂತ ಕೇಳಿದಳು. ನಿನ್ನೆ ವಿಚಾರಿಸಿದೆ. ರಿಟೈರ್ ಆಗೋಕೆ ಇನ್ನೂ ಎಂಟು ತಿಂಗಳಿದೆಯಂತೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತಂಗಿ ತವರಿಗೆ ಬರುತ್ತಾಳೆ. ಅದರ ಮುಂದಿನ 9ನೇ ತಾರೀಖು ಬೆಳಗ್ಗೆ ಇಬ್ಬರೂ ಅವರ ಹತ್ತಿರ ಹೋಗುತ್ತಿದ್ದೇವೆ.